ಭಾವನ ಬಿರುಕುಮುಚ್ಚುವ ಯಂತ್ರ

“ಕೂದ್ಲೆಳೆಯಷ್ಟ್ ಬಿರ್ಕ್ ಇದ್ರೂ ಇದ್ ಬಿಡ್ತಿಲ್ಲೆ!” ಎಂದು ಪುಂಡಲೀಕ ತನ್ನ ಹೊಸ ಯಂತ್ರವನ್ನು ದೋಣಿಯ ಮೇಲೆ ಇಳಿಸಿದ. ಏಡಿಯ ಹಾಗೆ ಕಾಲು, ಒಂದೇ ಕಣ್ಣು, ಬೆನ್ನಿಗೆ ರಾಳದ ಡಬ್ಬಿ.

ಅವನ ತಂಗಿಯ ಗಂಡ ಗಜಾನನ ಖಾರ್ವಿಗೆ ಅವಸರ. ಮಳೆಗಾಲದ ರಜೆ ಮುಗಿದು ದಡದ ದಕ್ಕೆಯಲ್ಲಿ ನಿಲ್ಲಿಸಿದ್ದ ದೋಣಿಗಳೆಲ್ಲ ಅಂದೇ ಕಡಲಿಗೆ ಇಳಿಯಲಿದ್ದವು. ಅವನು ಕೊಂಡ ಹಳೆಯ ಫೈಬರ್ ದೋಣಿಗೆ ಮಾತ್ರ ಮೈತುಂಬ ಬಿರುಕು. ಮೇಲಿನ ಪದರವಷ್ಟೇ ಸೀಳಿದೆಯೋ, ಒಳಗಿನ ನಾರೂ ಬಿಟ್ಟಿದೆಯೋ, ಫೈಬರ್ ಕೆಲಸದವನಾದರೆ ತಟ್ಟಿ ನೋಡಿ ಹೇಳುತ್ತಿದ್ದ. ಆದರೆ ಹೆಂಡತಿಯ ಅಣ್ಣನೇ ವಿಜ್ಞಾನಿಯಾಗಿರುವಾಗ ಹೊರಗಿನವನನ್ನು ಕರೆದು ಮನೆಯಲ್ಲಿ ಬದುಕುವುದುಂಟೇ?

ಯಂತ್ರ ಟಕಟಕ ತಟ್ಟಿ, ಎಲ್ಲ ಮೇಲಿನ ಬಿರುಕೇ ಎಂದು ಹಸಿರು ದೀಪ ತೋರಿಸಿತು. ಒಂದೊಂದನ್ನೂ ಕೆರೆದು, ರಾಳ ತುಂಬಿ, ಉಜ್ಜಿ ನುಣುಪು ಮಾಡಿತು. ಕೆಲಸವೇನೋ ಚೆನ್ನಾಗಿತ್ತು. ಬಿರುಕು ಮುಗಿದರೂ ಅದರ ಉತ್ಸಾಹ ಮುಗಿಯಲಿಲ್ಲ, ಅಷ್ಟೇ. ದೋಣಿಯ ಹೆಸರಿನ ಅಕ್ಷರಗಳನ್ನೂ ಗೀರೆಂದುಕೊಂಡು ಅಳಿಸಿತು. ಆಮೇಲೆ ಕೆಳಗಿಳಿದು ಗಜಾನನನ ಹೆಂಡತಿ ಸುಲೋಚನಾಳ ಒಡೆದ ಹಿಮ್ಮಡಿಗೆ ರಾಳ ಮೆತ್ತಿತು.

“ಅಣ್ಣಾ, ಕಾಲ್ ಉರಿತಿತ್ತ್!”

“ಉರಿ ನಾಳೆ ಹೋತ್ತ್. ಹೊಳಪ್ ಕಾಣ್ ನೀನ್,” ಎಂದ ಪುಂಡಲೀಕ.

“ಭಾವ, ಅದನ್ ಒಂಚೂರ್ ನಿಲ್ಸಿ ಮಾರಾಯ್ರೆ,” ಎಂದ ಗಜಾನನ.

“ಅರ್ಧದಲ್ ನಿಲ್ಸುಕೆ ಅದೆಂತ ಸರ್ಕಾರಿ ಕೆಲ್ಸವಾ?”

ದೋಣಿಯ ಮೂತಿಗೆ ಕಾಯಿ ಒಡೆಯದೆ ಕಡಲಿಗೆ ಇಳಿಸುವ ಹಾಗಿಲ್ಲ. ಗಜಾನನ ಕಾಯಿ ಒಡೆದ. ಯಂತ್ರ ಓಡಿಬಂದು ಎರಡೂ ಹೋಳು ಜೋಡಿಸಿ, ಒರೆಸಿ, ಅವನ ಕೈಗೇ ಕೊಟ್ಟಿತು. ಇನ್ನೊಂದು ಒಡೆದ. ಅದೂ ಇಡಿಯಾಗಿ ವಾಪಸು ಬಂತು. ಸಿಟ್ಟು ನೆತ್ತಿಗೇರಿ ಯಂತ್ರದ ಮೇಲೆ ಮೀನುಬುಟ್ಟಿ ಕವುಚಿಹಾಕಿ, ಮತ್ತೊಂದು ಕಾಯಿ ಒಡೆದು ಕೈಮುಗಿದ. ಅಕ್ಕಪಕ್ಕದ ದೋಣಿಯವರೆಲ್ಲ ಬಂದು ಭುಜ ಕೊಟ್ಟರು.

ದೋಣಿ ಅಲುಗಲಿಲ್ಲ.

ಬಗ್ಗಿ ನೋಡಿದರೆ, ಯಂತ್ರ ಬುಟ್ಟಿಯ ಕಿಂಡಿಗಳನ್ನೆಲ್ಲ ಮುಚ್ಚಿ, ಅಡಿಯಿಂದ ನುಸುಳಿಕೊಂಡು ಆಚೆ ಹೋಗಿತ್ತು. ದೋಣಿಗೂ ಅದರಡಿಯ ಕಲ್ಲುಹಾಸಿಗೂ ನಡುವಿನ ಸಂದು ಯಂತ್ರದ ಕಣ್ಣಿಗೆ ದಕ್ಕೆಯಲ್ಲೇ ಅತಿ ದೊಡ್ಡ ಬಿರುಕಾಗಿ ಕಂಡಿತ್ತು. ಡಬ್ಬಿಯ ರಾಳವನ್ನೆಲ್ಲ ಅಲ್ಲಿಗೇ ಸುರಿದು, ನುಣ್ಣಗೆ ಉಜ್ಜಿ, ಹಸಿರು ದೀಪ ಹಚ್ಚಿಕೊಂಡು ಕೂತಿತ್ತು.

ಉಳಿದ ದೋಣಿಗಳು ಒಂದೊಂದಾಗಿ ಅಳಿವೆ ದಾಟಿ ಕಡಲು ಸೇರಿದವು. ಗಜಾನನ ತಲೆಯ ಮೇಲೆ ಕೈಹೊತ್ತು ಕೂತ. ಅವನಿಗೆ ನಿಜಕ್ಕೂ ಅಳು ಬಂತು.

ಪುಂಡಲೀಕ ಮಾತ್ರ ದೋಣಿಯ ಬೆನ್ನು ತಟ್ಟಿದ. “ಒಂದ್ ಹನಿ ನೀರ್ ಒಳಗ್ ಬತ್ತಿಲ್ಲೆ. ಬೇಕಾರೆ ಬರ್ದ್ ಕೊಡ್ತೆ.”

“ಹೌದ್ ಅಣ್ಣ,” ಎಂದಳು ಸುಲೋಚನಾ, ಹೊಳೆಯುವ ಹಿಮ್ಮಡಿಯನ್ನು ತಿಕ್ಕುತ್ತ. “ನೀರ್ ಬರ್ಕಾರೆ ಇನ್ ಕಡ್ಲೇ ಎದ್ದ್ ಇಲ್ಲಿಗ್ ಬರ್ಕ್.”