ನಾನು ಸ್ವಂತ ಸರ್ವರಿನ ಒಡೆಯನಾದದ್ದು

ಮನುಷ್ಯನಿಗೆ ಸ್ವಂತ ಮನೆ ಇಲ್ಲದಿದ್ದರೂ ನಡೆದೀತು, ಸ್ವಂತ ಸರ್ವರ್ ಇಲ್ಲದೆ ನಡೆಯದು ಎಂಬ ಜ್ಞಾನೋದಯ ನನಗೆ ಆದದ್ದು ಬಾಗಲಕೋಟೆಯ ನವನಗರದ ಬಾಡಿಗೆ ಮನೆಯಲ್ಲಿ, ಚಹಾ ಕುಡಿಯುತ್ತ ಕೂತಿದ್ದಾಗ.

ನಾನು ಸಾಫ್ಟ್‌ವೇರ್ ಸಂಸ್ಥೆಯೊಂದರ ಸ್ಥಾಪಕ, ವ್ಯವಸ್ಥಾಪಕ ಹಾಗೂ ಸಮಸ್ತ ಸಿಬ್ಬಂದಿ. ನಮ್ಮ ದೊಡ್ಡ ಗಿರಾಕಿ ಇಳಕಲ್ಲಿನ ಮಹಾಂತಪ್ಪ ಕಾಕಾ. ಅವರ ಸೀರೆ ಅಂಗಡಿಯಲ್ಲಿ ಯಾವ ದಡಿಯ ಅಂದರೆ ಅಂಚಿನ, ಯಾವ ಬಣ್ಣದ ಸೀರೆ ಎಷ್ಟಿವೆ ಎಂದು ಹೇಳುವ ಪ್ರೋಗ್ರಾಂ ನನ್ನದು. ಅವರ ತಮ್ಮನ ಅಂಗಡಿ ಬಾಗಲಕೋಟೆಯಲ್ಲಿದೆ. ಎರಡೂ ಅಂಗಡಿಯ ಮಾಲು ಒಂದೇ ಪರದೆಯ ಮೇಲೆ ಕಾಣುವಂತೆ ಬಸವ ಜಯಂತಿಯೊಳಗೆ ಮಾಡಿಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಅದು ಸರಿಹೋದರೆ ಸಾಲಿನ ಉಳಿದ ಅಂಗಡಿಯವರಿಗೆಲ್ಲ ನನ್ನ ಹೆಸರು ಹೇಳುತ್ತೇನೆಂದು ಕಾಕಾ ಮಾತು ಕೊಟ್ಟಿದ್ದರು. ಅಂದರೆ ನನ್ನ ಸಂಸ್ಥೆಯ ಇಡೀ ಭವಿಷ್ಯ ಈ ಒಂದು ಕೆಲಸದ ಮೇಲೆ ನಿಂತಿತ್ತು.

ಅಲ್ಲಿಯವರೆಗೆ ನನ್ನ ಕೋಡು ಕಂಪ್ಯೂಟರಿನಲ್ಲಿ 'ಹೊಸದು', 'ಖರೇ ಹೊಸದು', 'ಕಟ್ಟಕಡೆಯದು', 'ಕಟ್ಟಕಡೆಯದು ಇದೇ' ಎಂಬ ಫೋಲ್ಡರುಗಳಲ್ಲಿ ಸುಖವಾಗಿತ್ತು. ಬದಲಾವಣೆ ಮಾಡಿದಾಗಲೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ಸು ಹತ್ತಿ ಇಳಕಲ್ಲಿಗೆ ಹೋಗಿ ಕಾಕಾನ ಕೈಗೆ ಕೊಟ್ಟು ಬರುತ್ತಿದ್ದೆ. ಇದು ನಾಗರಿಕರು ಮಾಡುವ ಕೆಲಸವೇ? ಪ್ರತಿ ಬದಲಾವಣೆಯನ್ನೂ ನೆನಪಿಟ್ಟು, ಪರೀಕ್ಷಿಸಿ, ಗಿರಾಕಿಯ ಅಂಗಡಿಗೆ ತಾನೇ ಮುಟ್ಟಿಸುವ ವೇದಿಕೆಗಳಿವೆ. ಅದೂ ಪರರ ಮನೆಯಲ್ಲಲ್ಲ, ನಮ್ಮದೇ ಕಂಪ್ಯೂಟರನ್ನು ಸರ್ವರ್ ಮಾಡಿ ಇಟ್ಟುಕೊಳ್ಳುವಂಥವು!

ಆಯ್ಕೆ ಆರಂಭವಾಯಿತು. ಮೊದಲನೆಯ ವೇದಿಕೆ ಬಲು ಘನವಂತ. ಎದ್ದು ಕೂರುವುದಕ್ಕೇ ಅರ್ಧ ಮೆಮೊರಿ ಬೇಡುತ್ತಿತ್ತು. ಎರಡನೆಯದು ಹಗುರ. ಆದರೆ ಕೋಡು ಇಟ್ಟುಕೊಳ್ಳುವುದಷ್ಟೇ ನನ್ನ ಕೆಲಸ, ಮುಟ್ಟಿಸುವುದು ನಿನ್ನ ಹಣೆಬರಹ ಎನ್ನುತ್ತಿತ್ತು. ಮೂರನೆಯದರಲ್ಲಿ ಎಲ್ಲವೂ ಇತ್ತು. ಐನೂರು ಜನ ಒಟ್ಟಿಗೆ ಕೆಲಸ ಮಾಡಬಹುದಿತ್ತು. ನಾನು ಒಬ್ಬನೇ ಇದ್ದೆ. ಇರಲಿ, ಸಂಸ್ಥೆ ಬೆಳೆಯಬೇಡವೇ! ಗುಣದೋಷಗಳನ್ನು ಹೋಲಿಸಲು ದೊಡ್ಡ ಕೋಷ್ಟಕ ಬರೆದು ಗೋಡೆಗೆ ಅಂಟಿಸಿದೆ. ಇಪ್ಪತ್ತೊಂದು ದಿನ ಅದರ ಮುಂದೆ ನಿಂತೆ. ಆ ಇಪ್ಪತ್ತೊಂದು ದಿನ ಕಾಕಾನ ಕೆಲಸ ಒಂದು ಸಾಲೂ ಮುಂದೆ ಹೋಗಲಿಲ್ಲ.

"ನಾ ಒಂದು ಸೀರಿ ಆರಸಾಕ ಎರಡ ತಾಸ ತೊಗೊಂಡ್ರ ಇಡೀ ಓಣಿಗೆ ಹೇಳ್ಕೋಂತ ಅಡ್ಡಾಡ್ತೀರಿ," ಎಂದಳು ಹೆಂಡತಿ ಶಾಂತಾ.

"ಸೀರಿ ಬ್ಯಾರೆ, ಇದು ಬ್ಯಾರೆ. ಇದನ್ನ ಒಮ್ಮೆ ಆರಿಸಿದ್ರ ಜನ್ಮಪೂರ್ತಿ ಬಾಳ್ವಿ ಮಾಡಬೇಕು."

"ನನ್ನ ಆರಿಸಾಕ ಹತ್ತ ಮಿನಿಟ್ ಸಾಕಾತಲ್ರೀ ನಿಮಗ?"

ಗೋಡೆಯ ಕೋಷ್ಟಕ ಕಿತ್ತು ಸುರುಳಿ ಸುತ್ತಿದೆ. ತಕ್ಷಣ ಮೂರನೆಯದನ್ನೇ ಆರಿಸಿಬಿಟ್ಟೆ!

ವೇದಿಕೆ ತನಗೆ ಇಡೀ ಕಂಪ್ಯೂಟರು ಬೇಕೆಂದಿತು. ನನ್ನ ಬಳಿ ಇದ್ದದ್ದು ಒಂದೇ. ಆದರೆ ನಾನು ಮುಂಜಾಗ್ರತೆಯ ಮನುಷ್ಯ. ಕೋಡನ್ನೆಲ್ಲ ಮೊದಲು ಅದೇ ಡಿಸ್ಕಿನ ಇನ್ನೊಂದು ಭಾಗಕ್ಕೆ ನಕಲು ಮಾಡಿಟ್ಟೆ. ಮನೆಯ ಎರಡನೇ ಕೀಲಿಕೈಯನ್ನು ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡು ಬಂದಂತೆ. ಬಳಿಕ ಪರದೆಯ ಮೇಲೆ ಪ್ರಶ್ನೆ ಬಂತು: 'ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಒಪ್ಪಿಗೆಯೇ?' ಒಪ್ಪಿದೆ. 'ಖಚಿತವೇ?' ಖಚಿತ. ಇನ್ನೊಮ್ಮೆ ಕೇಳಿತು. ಕಂಪ್ಯೂಟರಿಗೆ ಇಷ್ಟೊಂದು ಅಧೈರ್ಯ ಇರಬಾರದು ಎಂದು ಗದರಿ, ಗುಂಡಿ ಒತ್ತಿದೆ.

ಮಧ್ಯಾಹ್ನದ ಹೊತ್ತಿಗೆ ವೇದಿಕೆ ಎದ್ದಿತು. ಎಲ್ಲವೂ ಸರಿಯಿದೆ ಎಂದು ಎಲ್ಲೆಲ್ಲೂ ಹಸಿರು ಗುರುತು! ಯಾವ ಬದಲಾವಣೆಯನ್ನೂ ಇನ್ನೊಬ್ಬರು ಒಪ್ಪದೆ ಒಳಗೆ ಬಿಡಬಾರದು ಎಂಬ ಶಿಸ್ತಿನ ನಿಯಮವೂ ಅದರಲ್ಲಿತ್ತು. ಶಾಂತಾಳನ್ನು ಕರೆದು ಒಪ್ಪಿಗೆ ನೀಡುವ ಅಧಿಕಾರಿಯಾಗಿ ನೇಮಿಸಿದೆ.

"ಇಲ್ಲಿ ಒತ್ತು. ಒಪ್ಪಿಗಿ ಅಂತ."

"ಯಾತಕ್ಕ ಒಪ್ಪಿಗಿ? ಮೊದಲ ಮಾಲ ತೋರಸ್ರಿ. ನೋಡ್ಲಾರ್ದ ನಾ ಒತ್ತೂದಿಲ್ಲ."

ತೋರಿಸಲು ಹೋದೆ. ಇಲ್ಲಿ ನೋಡಿದೆ, ಅಲ್ಲಿ ನೋಡಿದೆ. 'ಹೊಸದು' ಇಲ್ಲ. 'ಕಟ್ಟಕಡೆಯದು ಇದೇ' ಎಂಬುದೂ ಇಲ್ಲ. ಐನೂರು ಜನರ ಭವ್ಯ ವೇದಿಕೆಯಲ್ಲಿ ಇಡಲು ನನ್ನ ಬಳಿ ಒಂದಕ್ಷರ ಕೋಡು ಉಳಿದಿರಲಿಲ್ಲ!

ನಗಬೇಡಿ. ಬಸವ ಜಯಂತಿಗೆ ಆರು ದಿನ ಇತ್ತು. ವರ್ಷಗಟ್ಟಲೆ ಕೂತು ಬರೆದದ್ದು ಹೋಯಿತಲ್ಲ ಎಂದು ಖರೆಯಾಗಿಯೂ ಅಳು ಬಂತು. ಶಾಂತಾ ಬೈಯಲಿಲ್ಲ. ಅವಳು ಬೈಯಲಿಲ್ಲ ಎಂದರೆ ಪರಿಸ್ಥಿತಿ ಎಷ್ಟು ಗಂಭೀರ ಎಂದು ನೀವೇ ಊಹಿಸಿ.

"ಹೋಗಿ ಕಾಕಾರಿಗೆ ಇದ್ದದ್ದನ್ನ ಇದ್ದಂಗ ಹೇಳ್ರಿ," ಎಂದಳು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತು, ಇದ್ದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಲು ತಯಾರಿ ನಡೆಸಿದೆ. ವೈರಸ್ ಬಂತು ಎನ್ನಲೇ? ಸಿಡಿಲು ಬಡಿಯಿತು ಎನ್ನಲೇ? ಹುನಗುಂದ ಬರುವಷ್ಟರಲ್ಲಿ ತಟ್ಟನೆ ಹೊಳೆಯಿತು. ಪೆನ್‌ಡ್ರೈವ್! ನಾನು ಸೋಮಾರಿ. ಪ್ರೋಗ್ರಾಂ ಒಂದನ್ನೇ ಬೇರೆ ಮಾಡಿ ಕೊಡಲು ಬೇಸರವಾಗಿ, ಪ್ರತಿ ಸಲ ಕೋಡಿನ ಸಮೇತ ಇಡೀ ಫೋಲ್ಡರನ್ನೇ ಸುರಿದು ಕೊಟ್ಟಿದ್ದೆ. ಕಾಕಾ ಒಂದು ಪೆನ್‌ಡ್ರೈವನ್ನೂ ವಾಪಸು ಕೊಟ್ಟವರಲ್ಲ. ಸೋಮಾರಿತನದ ಬಗ್ಗೆ ಅಂದು ಹುಟ್ಟಿದ ಗೌರವ ಇಂದಿಗೂ ಹೋಗಿಲ್ಲ.

ಅಂಗಡಿಯಲ್ಲಿ ಕಾಕಾ ಗಾದಿಯ ಮೇಲೆ ಕೂತಿದ್ದರು. ಎಲ್ಲ ಸುಳ್ಳೂ ಮರೆತುಹೋಗಿ ಖರೆಯನ್ನೇ ಒದರಿಬಿಟ್ಟೆ.

"ಪೆನ್‌ಡ್ರೈವ್ ಏನ? ಅದಾವಲ್ಲೋ ತಮ್ಮಾ," ಎಂದು ಕಾಕಾ ಎದ್ದು, ಬಸವಣ್ಣನ ಫೋಟೋದ ಕೆಳಗಿನ ದೇವರ ಜಗಲಿಯಿಂದ ಒಂದು ಸ್ಟೀಲ್ ಡಬ್ಬಿ ತಂದರು.

ಒಳಗೆ ಒಂಬತ್ತು ಪೆನ್‌ಡ್ರೈವ್. ಒಂದೊಂದರ ಮೇಲೂ ವಿಭೂತಿಯ ಬೊಟ್ಟು. ಸೀರೆಗೆ ಕಟ್ಟುವಂತೆ ಒಂದೊಂದಕ್ಕೂ ದಾರ ಕಟ್ಟಿ ಚೀಟಿ ತೂಗುಬಿಟ್ಟಿದ್ದರು. ಚೀಟಿಯಲ್ಲಿ ತಾರೀಖು, ಅದರ ಕೆಳಗೆ ಕಾಕಾನ ಅಕ್ಷರದಲ್ಲಿ ನನ್ನ ಹೆಸರು, ನನ್ನ ಕೆಲಸ: 'ಶಿವಾನಂದ ತಂದ. ಬಣ್ಣ ತಪ್ಪು ತೋರಿಸ್ತಿತ್ತಂತ, ಸರಿ ಮಾಡ್ಯಾನಂತ.' ಮುಂದಿನದು: 'ಹೋದಸಲ ಸರಿ ಮಾಡಿದ್ದು ಕೆಟ್ಟಿತ್ತಂತ. ಈಗ ಕೆಡೂದಿಲ್ಲಂತ.' ಪ್ರತಿ ಚೀಟಿಯ ಕೊನೆಗೂ ಒಂದು 'ಅಂತ'. ಆದರೂ ಯಾರು, ಯಾವಾಗ, ಏನು, ಯಾಕೆ! ನನ್ನ ಕೋಷ್ಟಕದ ಅಷ್ಟೂ ಗುಣಗಳು ಡಬ್ಬಿಯಲ್ಲಿದ್ದವು. ಕರೆಂಟೂ ಬೇಕಿರಲಿಲ್ಲ.

"ಕಾಕಾ, ಇವನ್ನ ಕಂಪ್ಯೂಟರಿಗೆ ಹಾಕ್ಕೊಂಡ ಮ್ಯಾಲೂ ಇಷ್ಟ ಜ್ವಾಕಿಯಿಂದ ಇಟ್ಟೀರಲ್ರಿ!"

"ಹಾಕಿಲ್ಲೋ. ಹೊಸಾದು ಬಂದಕೂಡಲೆ ದೇವರ ಮುಂದ ಇಡೂದು, ಛಲೋ ದಿನ ನೋಡಿ ಹಾಕ್ಕೊಳ್ಳೂದು ಅಂತ ಇಡ್ತಿದ್ನಿ. ಗಿರಾಕಿ ಗದ್ದಲದಾಗ ಆ ದಿನಾನ ಬರ್ಲಿಲ್ಲ."

"ಮತ್ತ ನಾ ಫೋನ್ ಮಾಡಿ ಕೇಳಿದಾಗೆಲ್ಲಾ ಛಲೋ ನಡದೈತಿ ಅಂತಿದ್ರಿ?"

"ನೀ ಮೊದಲ ಹಾಕಿಕೊಟ್ಟಿದ್ದು ಛಲೋನ ನಡದೈತಲ್ಲ. ಯಾಕ ಕೆದಕಬೇಕು?"

ನನ್ನ ಒಂಬತ್ತು ಸುಧಾರಣೆಗಳನ್ನು ಈ ಭೂಮಿಯ ಮೇಲೆ ಯಾರೂ ಬಳಸಿರಲಿಲ್ಲ. ಅಂಗಡಿಯ ಕಂಪ್ಯೂಟರಿಗೆ ಹಾಕಿ ನೋಡಿದರೆ ಕೊನೆಯ ಪೆನ್‌ಡ್ರೈವಿನಲ್ಲಿ ಕೋಡು ಇತ್ತು, ಆದರೆ ಎರಡು ಅಂಗಡಿಯ ಹೊಸ ಕೆಲಸ ಮಾತ್ರ ಇರಲಿಲ್ಲ. ತಲೆ ತಗ್ಗಿಸಿ ಅದನ್ನೂ ಹೇಳಿದೆ. ಜಯಂತಿಯೊಳಗೆ ಆಗುವುದಿಲ್ಲ ಎಂದೆ.

ಅಷ್ಟರಲ್ಲಿ ಮದುವೆ ಜವಳಿಗೆ ಬಂದ ಹೆಣ್ಣುಮಗಳೊಬ್ಬಳು ಹಸಿರು ಸೀರೆಗೆ ಗೋಮಿ ಎಂಬ ನಮೂನೆಯ ದಡಿ ಕೇಳಿದಳು. ಕಾಕಾ ಫೋನ್ ಎತ್ತಿ ತಮ್ಮನಿಗೆ, "ಲೇ, ಹಸರ ಗೋಮಿ ದಡಿ ಅದಾವೇನೋ? ಮೂರ? ಕಳಸು," ಎಂದು ಇಟ್ಟರು. ನಾನು ತಿಂಗಳುಗಟ್ಟಲೆ ಬರೆದು ಅಳಿಸಿಕೊಂಡದ್ದು ಇದನ್ನೇ.

"ಅವಸರಿಲ್ಲೋ ತಮ್ಮಾ. ಸಾವಕಾಶ ಮಾಡು. ಸಾಲಿನ ಮಂದಿಗೆ ಆಮ್ಯಾಲೆ ಹೇಳೂಣಂತ," ಎಂದರು ಕಾಕಾ. ಆ ಮಾತಿನಲ್ಲಿದ್ದ ಮರುಕ ನನ್ನನ್ನು ಚುಚ್ಚಿತು. ಪೆನ್‌ಡ್ರೈವನ್ನು ಕಿಸೆಗಿಳಿಸಲು ಹೋದರೆ ಕೈ ಹಿಡಿದರು. "ಇಲ್ಲೇ ಕುಂತು ನಕಲ ಮಾಡ್ಕೊ. ಇದನ್ನ ಒಯ್ಯಬ್ಯಾಡ. ನಿನ್ನ ಕಡೆ ಉಳಿಯೂದಿಲ್ಲ."

ನಾನು ಒಂದು ಖಾಲಿ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುವಾಗ ಕಾಕಾ ಕನ್ನಡಕ ಏರಿಸಿ ಹೊಸ ಚೀಟಿ ಬರೆದು ಡಬ್ಬಿಯಲ್ಲಿಟ್ಟರು. ಅವರು ನೀರು ಕುಡಿಯಲು ಎದ್ದಾಗ ಕದ್ದು ಓದಿದೆ: 'ಶಿವಾನಂದ ಬಂದಿದ್ದ. ತನ್ನದೆಲ್ಲಾ ತಾನ ಅಳಿಸ್ಕೊಂಡಾನ. ಇದು ಖರೇ ಐತಿ.'