ಬಿಸಿಲಿನಲ್ಲಿ ನೆನೆದ ಪಿಚ್ಚು

ನೈಜೆಲ್: ಪಿಚ್ಚು ಒತ್ತಿ ನೋಡಿ ಜಿಲಿಯನ್, ಒತ್ತಿ ನೋಡಿ. ಹೆಬ್ಬೆರಳು ಹೇಗೆ ಒಳಗೆ ಹೋಗ್ತಿದೆ! ಒದ್ದೆ ಅಂದ್ರೆ ಒದ್ದೆ.

ಜಿಲಿಯನ್: ಒದ್ದೆನಾ? ಕೆರೆ ಅನ್ನಿ. ನನ್ನ ಮಕ್ಕಳು ಇದರ ಮೇಲೆ ಓಡಿದ್ರೆ ಜಾರಿ ಬಿದ್ದು ಕಾಲು ಮುರ್ಕೊಳ್ತಾರೆ.

ನೈಜೆಲ್: ಅದೇ ನಾನೂ ಹೇಳ್ತಿರೋದು. ಮಕ್ಕಳ ಕೈಕಾಲು ಮುಖ್ಯ. ಪಂದ್ಯಕ್ಕೇನು, ಇವತ್ತಲ್ಲ ನಾಳೆ.

ಜಿಲಿಯನ್: ನಾಳೆ ಎಲ್ಲಿಂದ ಬರುತ್ತೆ? ಇದೇ ಕೊನೇ ಪಂದ್ಯ ಅಲ್ವಾ?

ನೈಜೆಲ್: ಏನೋ ಮಾತಿಗೆ ಹೇಳಿದೆ ಬಿಡಿ.

ಅವರು ಕೆರೆ ಎನ್ನುತ್ತಿದ್ದ ಜಾಗದಿಂದ ಧೂಳು ಏಳುತ್ತಿತ್ತು. ಡೆವನ್ ಕೌಂಟಿಯಲ್ಲಿ ಒಂದು ತಿಂಗಳಿಂದ ಹನಿ ಮಳೆಯಿಲ್ಲ. ತೋಟಕ್ಕೆ ಪೈಪಿನಲ್ಲಿ ನೀರು ಬಿಡಬಾರದೆಂದು ಅಪ್ಪಣೆಯಾಗಿ, ನಮ್ಮ ಮೈದಾನದ ನಲ್ಲಿಗೂ ಬೀಗ ಬಿದ್ದಿತ್ತು. ನಾನು ಪೆವಿಲಿಯನ್ನಿನ ಅಡುಗೆಮನೆ ಕಿಟಕಿಯಲ್ಲಿ ನಿಂತು, ಸ್ಯಾಂಡ್‌ವಿಚ್ಚಿಗೆ ಸೌತೆಕಾಯಿ ಹೆಚ್ಚುತ್ತಾ ಈ ನಾಟಕ ನೋಡುತ್ತಿದ್ದೆ. ನನ್ನ ಹೆಸರು ಬೆರಿಲ್. ಬ್ರಾಡ್‌ಲೀ ಊರಿನ ಕ್ರಿಕೆಟ್ ಕ್ಲಬ್ಬಿಗೆ ಚಹಾ ಕಾಯಿಸಿ ಕಾಯಿಸಿ ಮುದುಕಿಯಾದವಳು. ಮೈದಾನ ಅಂಗೈಯಷ್ಟು, ಇಬ್ಬರ ಗಂಟಲೂ ದೊಡ್ಡದು. ಹಾಗಾಗಿ ನಾನು ಕದ್ದು ಕೇಳುವ ಪ್ರಮೇಯವೇ ಇರಲಿಲ್ಲ.

ನೈಜೆಲ್ ನಮ್ಮ ಊರಿನ ಹದಿಮೂರು ವರ್ಷದೊಳಗಿನ ಮಕ್ಕಳ ತಂಡ ನೋಡಿಕೊಳ್ಳುವವನು. ಹಗಲೆಲ್ಲ ಮನೆ ಮಾರುವ ದಲ್ಲಾಳಿ. ಸೋರುವ ಸೂರನ್ನು 'ಗಾಳಿ ಬೆಳಕು ಧಾರಾಳ' ಎಂದು ಮಾರಿದ ಗಂಡಸು. ಜಿಲಿಯನ್ ಪಕ್ಕದ ಊರು ಸ್ಟೋಕ್‌ಕೂಂಬಿನ ಮಕ್ಕಳ ತಂಡ ನೋಡಿಕೊಳ್ಳುವವರು. ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿದ್ದು ನಿವೃತ್ತರಾಗಿದ್ದಾರೆ, ಕೊರಳಿನ ಸೀಟಿ ಮಾತ್ರ ಇನ್ನೂ ನಿವೃತ್ತವಾಗಿಲ್ಲ.

ಇವತ್ತು ಸಂಜೆಯ ಪಂದ್ಯ ಗೆದ್ದವರಿಗೆ ಕಪ್ಪು. ಏಳು ಮಕ್ಕಳನ್ನಾದರೂ ಕಣಕ್ಕಿಳಿಸದ ತಂಡ ಸೋತ ಹಾಗೆ. ನೆಲ ಒದ್ದೆಯಾಗಿ ಆಟ ನಿಂತರೆ ಮಾತ್ರ ಕಪ್ಪು ಹಂಚಿಕೆ: ಆರು ತಿಂಗಳು ಅವರ ಕಪಾಟಿನಲ್ಲಿ, ಆರು ತಿಂಗಳು ನಮ್ಮ ಕಪಾಟಿನಲ್ಲಿ. ನೈಜೆಲ್ ಬಳಿ ಇದ್ದದ್ದು ನಾಲ್ಕೇ ಮಕ್ಕಳು. ಉಳಿದವರು ಶಾಲೆಯ ಪ್ರವಾಸಕ್ಕೆ ಹೋಗಿ, ಬರುವಾಗ ಎಕ್ಸೆಟರ್ ನಗರದ ಆಚೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು. ಎರಡೂ ಊರಿನ ಮಕ್ಕಳಿಗೆ ಇರುವುದು ಒಂದೇ ಶಾಲೆ, ಹೋದದ್ದೂ ಒಂದೇ ಬಸ್ಸಿನಲ್ಲಿ. ತಮ್ಮ ತಮ್ಮ ಗುಟ್ಟು ಮುಚ್ಚಿಡುವ ಗಡಿಬಿಡಿಯಲ್ಲಿ ಈ ಇಬ್ಬರು ಬುದ್ಧಿವಂತರಿಗೂ ಅದು ಹೊಳೆದಿರಲಿಲ್ಲ.

ಇದ್ದ ನಾಲ್ವರಲ್ಲಿ ಒಬ್ಬಳು ನನ್ನ ಮೊಮ್ಮಗಳು ಟ್ಯಾಮ್ಸಿನ್. ಈ ಬೇಸಿಗೆಯಿಡೀ ಅವಳು ಹನ್ನೊಂದನೆಯವಳು. ಪ್ರತಿ ಪಂದ್ಯದಲ್ಲೂ ಪ್ಯಾಡು ಕಟ್ಟಿಕೊಂಡು ಬೆಂಚಿನ ಮೇಲೆ ಕೂರುವುದು, ಸರದಿ ಬರುವ ಮೊದಲೇ ಆಟ ಮುಗಿಯುವುದು, ಪ್ಯಾಡು ಬಿಚ್ಚುವುದು. ಒಂದು ಚೆಂಡನ್ನೂ ಹೊಡೆದವಳಲ್ಲ ಪಾಪ. ಕೊನೆಯ ಪಂದ್ಯ ತಪ್ಪೀತೆಂದು ಪ್ರವಾಸವನ್ನೇ ಬಿಟ್ಟಿದ್ದಳು. 'ಅಜ್ಜಿ, ನಾಲ್ಕೇ ಜನ! ಇವತ್ತು ನನಗೆ ಬ್ಯಾಟು ಸಿಗುತ್ತೆ!' ಎಂದು ಬಂದು ಕುಣಿದವಳಿಗೆ ಏಳು ಜನ ಬೇಕೆಂಬ ಕಟ್ಟಳೆ ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಇವರು ಒಣಗಿದ ನೆಲವನ್ನು ಕೆರೆ ಮಾಡಿ ಮನೆಗೆ ಹೋಗಲು ನೋಡಿದರೆ ನನ್ನ ಹೊಟ್ಟೆ ಉರಿಯದೆ ಇರುತ್ತದೆಯೇ? ಬಸ್ಸು ಬರುವವರೆಗಾದರೂ ಆಟ ರದ್ದಾಗದಿರಲಿ ಎಂದು, ಕೈ ಒರೆಸಿಕೊಂಡು ಒಳಗೆ ಹೋಗಿ ಒಂದು ಫೋನ್ ಮಾಡಿ ಬಂದೆ. ಅಷ್ಟರಲ್ಲಿ ಹೊರಗೆ ಮಾತಿನ ಧಾಟಿಯೇ ತಿರುಗಿತ್ತು.

ಜಿಲಿಯನ್: ಹೌದೂ, ನೀವ್ಯಾಕೆ ಇಷ್ಟು ಬೇಗ ಒಪ್ಕೊಂಡ್ರಿ?

ನೈಜೆಲ್: ನಾನೆಲ್ಲಿ ಒಪ್ಕೊಂಡೆ? ಕೆರೆ ಅಂದವರು ಯಾರು?

ಜಿಲಿಯನ್: ಒದ್ದೆ ಅಂತ ಶುರು ಹಚ್ಕೊಂಡವರು ಯಾರು? ಹೋದ ವರ್ಷ ಇದೇ ಜಾಗದಲ್ಲಿ ಬಾತುಕೋಳಿ ಈಜ್ತಿತ್ತು. 'ಬರೀ ಇಬ್ಬನಿ ಕಣ್ರೀ, ಆಡಿ' ಅಂದ್ರಿ ನೀವು.

ನೈಜೆಲ್: ಅದಿರಲಿ. ನಿಮ್ಮ ಮಕ್ಕಳು ಎಲ್ಲಿ, ಕಾಣ್ತಾನೇ ಇಲ್ಲ?

ಜಿಲಿಯನ್: ಬೇಲಿ ಆಚೆ ಓಡ್ತಿದ್ದಾರೆ, ಮೈ ಬಿಸಿ ಮಾಡ್ಕೊಳ್ಳೋಕೆ. ನಿಮ್ಮವರು?

ನೈಜೆಲ್: ಒಳಗೆ ಬಟ್ಟೆ ಬದಲಾಯಿಸ್ತಿದ್ದಾರೆ.

ಜಿಲಿಯನ್: ಹನ್ನೊಂದೂ ಜನ?

ನೈಜೆಲ್: ಹನ್ನೆರಡು. ಒಬ್ಬ ಹೆಚ್ಚಿಗೆ ಇರಲಿ ಅಂತ.

ಹೀಗೆಂದವನೇ ಒಳಗೆ ಓಡಿ ಬಂದು, ನಾಲ್ಕು ಮಕ್ಕಳಿಗೂ ನೆಲ ಒದೆಯಲು ಹೇಳಿ, ಏನೂ ಆಗದವನಂತೆ ಹೊರಗೆ ಹೋದ. ನನ್ನ ಕಪ್ಪು ಸಾಸರುಗಳೆಲ್ಲ ಗಡಗಡ ಅಂದವು. ಅತ್ತ ಜಿಲಿಯನ್ ಸೀಟಿ ಊದಿದರು. ಬೇಲಿಯ ಆಚೆ ಐದು ಟೊಪ್ಪಿಗೆ ಓಡಿದವು. ಸ್ವಲ್ಪ ಹೊತ್ತಿಗೆ ಮತ್ತೆ ಐದು, ಆಮೇಲೆ ಇನ್ನೂ ಐದು. ನಾನು ಚಹಾದ ತಟ್ಟೆ ಹಿಡಿದು ಮೈದಾನಕ್ಕೇ ಇಳಿದೆ.

ನಾನು: ನೈಜೆಲ್, ಒಳಗೇನು ಕುದುರೆ ಕಟ್ಟಿದ್ದೀಯೇನಪ್ಪಾ?

ನೈಜೆಲ್: ಹುಮ್ಮಸ್ಸು ಬೆರಿಲ್ ಆಂಟಿ, ಮಕ್ಕಳ ಹುಮ್ಮಸ್ಸು!

ನಾನು: ಜಿಲಿಯನ್, ಆ ಕೆಂಪು ಕೂದಲಿನ ಹುಡುಗ ಮೂರು ಸಲ ಹೋದ ಹಾಗಿತ್ತು.

ಜಿಲಿಯನ್: ಅವರು ಮೂವರು. ಒಂದೇ ಸಲ ಹುಟ್ಟಿದವರು.

ನಾನು: ಮೂವರಿಗೂ ಎಡಗೈಗೆ ಪಟ್ಟಿ ಕಟ್ಟಿದೆ?

ಜಿಲಿಯನ್: ಒಟ್ಟಿಗೇ ಬಿದ್ರು.

ನೈಜೆಲ್ ಬೆರಳು ಮಡಚಿ ಲೆಕ್ಕ ಹಾಕಿದ. ಈ ಹೆಂಗಸಿಗೆ ಆಟ ಬೇಡವಾಗಿದೆ, ಅಂದರೆ ಜನ ಕಮ್ಮಿ ಇದ್ದಾರೆ, ಆಟ ಬೇಕೆಂದು ಪಟ್ಟು ಹಿಡಿದರೆ ಇವರೇ ಸೋಲೊಪ್ಪಿ ಹೋಗುತ್ತಾರೆ, ಕಪ್ಪು ಪೂರಾ ನಮ್ಮದು! ಅವನ ಮುಖದಲ್ಲಿ ಇದೆಲ್ಲ ದಪ್ಪಕ್ಷರದಲ್ಲಿ ಕಾಣುತ್ತಿತ್ತು. ಕಷ್ಟ ಏನೆಂದರೆ, ಜಿಲಿಯನ್ ಮುಖದಲ್ಲೂ ಅದೇ ಕಾಣುತ್ತಿತ್ತು.

ನೈಜೆಲ್: ಈಗ ನೋಡಿದ್ರೆ ನೆಲ ಅಷ್ಟೇನೂ ಒದ್ದೆ ಇಲ್ಲ ಅನ್ಸುತ್ತೆ.

ಜಿಲಿಯನ್: ಒದ್ದೆನಾ? ಇದರ ಮೇಲೆ ಬ್ರೆಡ್ಡು ಸುಡಬಹುದು.

ನೈಜೆಲ್: ಹಾಗಾದ್ರೆ ಆಡೋಣ?

ಜಿಲಿಯನ್: ಆಡೋಣ. ಬೇಡ ಅಂದವರು ಯಾರು?

ನೈಜೆಲ್: ನಿಮಗೆ ಕಷ್ಟ ಆದ್ರೆ ಸಂಕೋಚ ಇಲ್ದೆ ಹೇಳಿ. ಬಿಟ್ಟುಕೊಟ್ರೂ ಯಾರೂ ನಗೋದಿಲ್ಲ.

ಜಿಲಿಯನ್: ನಿಮಗೆ ಅಷ್ಟು ಆಸೆ ಇದ್ರೆ ನೀವೇ ಬಿಟ್ಟುಕೊಡಿ. ನಾನಂತೂ ನಗ್ತೀನಿ.

ನೈಜೆಲ್ ರೋಷದಿಂದ ನಾಣ್ಯ ಚಿಮ್ಮಿದ. ಟಾಸ್ ಜಿಲಿಯನ್ ಪಾಲಾಯಿತು.

ಜಿಲಿಯನ್: ಬ್ಯಾಟಿಂಗ್ ನಮ್ದು.

ನೈಜೆಲ್: ಛೆ ಛೆ, ಬ್ಯಾಟಿಂಗ್ ನಾವು ಮಾಡ್ತೀವಿ.

ಜಿಲಿಯನ್: ಟಾಸ್ ಗೆದ್ದಿದ್ದು ನಾನು ಕಣ್ರೀ!

ನೈಜೆಲ್: ಬಂದವರು ಮೊದಲು ಫೀಲ್ಡಿಂಗ್ ಮಾಡೋದು ನಮ್ಮೂರಿನ ಪದ್ಧತಿ.

ಜಿಲಿಯನ್: ಯಾವಾಗಿಂದ?

ನೈಜೆಲ್: ಈಗಿಂದ.

ಬ್ಯಾಟಿಂಗ್ ಅಂದರೆ ಇಬ್ಬರು ಹೊರಗಿದ್ದರೆ ಸಾಕು, ಫೀಲ್ಡಿಂಗಿಗೆ ಎಲ್ಲರೂ ಕಾಣಬೇಕು. ಇಬ್ಬರೂ ಬ್ಯಾಟಿಂಗಿಗೆ ಬಿದ್ದು ಸಾಯುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದೇ ತಡ, ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಜಿಲಿಯನ್: ...ಎಷ್ಟು ಜನ ಇದ್ದಾರೆ ನೈಜೆಲ್, ನಿಜ ಹೇಳಿ.

ನೈಜೆಲ್: ನೀವು ಮೊದಲು ಹೇಳಿ.

ಜಿಲಿಯನ್: ಒಟ್ಟಿಗೇ ಬೆರಳು ತೋರಿಸೋಣ.

ಅವನು ನಾಲ್ಕು ಬೆರಳು ತೋರಿಸಿದ, ಅವರು ಐದು. ಆಮೇಲೆ ಆ ಐದು ಬೆರಳಲ್ಲೇ ಹಣೆ ಚಚ್ಚಿಕೊಂಡರು.

ಜಿಲಿಯನ್: ಪ್ರವಾಸದ ಬಸ್ಸಾ?

ನೈಜೆಲ್: ಪ್ರವಾಸದ ಬಸ್ಸು.

ಜಿಲಿಯನ್: ಅಯ್ಯೋ ನಿಮ್ಮ! ಮೊದಲೇ ಬಾಯಿ ಬಿಡಬಾರದಿತ್ತಾ? ನೆಲ ಒದ್ದೆ ಇದೆ, ಮುಗೀತು. ಫೋನ್ ಮಾಡಿ ಕಾರ್ಯದರ್ಶಿಗೆ.

ಮಕ್ಕಳ ಪಂದ್ಯಾವಳಿಯ ಕಾರ್ಯದರ್ಶಿ ಬೇಸಿಲ್ ನಾರ್ತ್‌ಕಾಟ್. ಗಡಿಯಾರ ನೋಡಿ ನಗುವ ಜಾತಿಯ ಮನುಷ್ಯ. ನೈಜೆಲ್ ಫೋನಿನಲ್ಲಿ ಕೆರೆ, ಕೆಸರು, ಮಕ್ಕಳ ಮೂಳೆ ಎಲ್ಲವನ್ನೂ ವರ್ಣಿಸಿದ. ಆ ಕಡೆಯ ಉತ್ತರ ಕೇಳುತ್ತಾ ಕೇಳುತ್ತಾ ಅವನ ಬಣ್ಣ ಇಳಿಯಿತು.

ನೈಜೆಲ್: ಆಗಲೇ ಹೊರಟಿದ್ದಾರಂತೆ! 'ಮಳೆ ಬಂದಿದೆಯಾ, ಅದ್ಭುತ, ಕಣ್ಣಾರೆ ನೋಡ್ತೀನಿ' ಅಂದ್ರು. ಯಾರೋ ಮೊದಲೇ ಫೋನ್ ಮಾಡಿದ್ರಂತೆ.

ಜಿಲಿಯನ್: ಯಾರಿರಬಹುದು?

ಚಹಾದ ತಟ್ಟೆಯಲ್ಲಿ ಒಂದು ಚಮಚ ಸೊಟ್ಟಗಿತ್ತು, ನಾನು ಅದನ್ನು ಬಹಳ ಹೊತ್ತು ನೆಟ್ಟಗೆ ಮಾಡಿದೆ.

ನೈಜೆಲ್: ನೀರು! ಆಂಟಿ, ನೀರು ಎಲ್ಲಿದೆ?

ನಾನು: ನಲ್ಲಿಗೆ ಬೀಗ. ಒಳಗಿನ ನಲ್ಲಿ ಅಳೋ ಮಗುವಿನ ಹಾಗೆ ಹನಿ ಹನಿ ಬಿಡ್ತಿದೆ. ಎರಡು ದೊಡ್ಡ ಕೆಟಲ್ ಚಹಾ ಇದೆ, ಬೇಕಾದ್ರೆ ಕುಡೀರಿ.

ಇಬ್ಬರೂ ಮುಖ ಮುಖ ನೋಡಿಕೊಂಡರು. 'ಕುಡೀರಿ' ಎಂಬ ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಜಿಲಿಯನ್: ಬಣ್ಣ ಕೆಸರಿನ ಹಾಗೇ ಇದೆ ಅಲ್ವಾ?

ನೈಜೆಲ್: ಕೆಸರಿಗಿಂತ ಚೆನ್ನಾಗಿದೆ. ಹಾಲು ಹಾಕಿಲ್ಲ ತಾನೇ ಆಂಟಿ?

ನಾನು: ಒಂದಕ್ಕೆ ಹಾಕಿದ್ದೀನಿ, ಒಂದಕ್ಕಿಲ್ಲ.

ಕನ್ನ ಹಾಕುವ ಕಳ್ಳರ ಹಾಗೆ ಬಗ್ಗಿಕೊಂಡು, ಆ ತುದಿಯಿಂದ ಅವನು, ಈ ತುದಿಯಿಂದ ಅವರು, ನನ್ನ ಒಳ್ಳೆಯ ಚಹಾವನ್ನು ಪಿಚ್ಚಿನುದ್ದಕ್ಕೂ ಸುರಿದರು. ಕೆಟಲ್ ಖಾಲಿಯಾಗುವುದಕ್ಕೂ ಗೇಟಿನಲ್ಲಿ ಹಾರನ್ ಆಗುವುದಕ್ಕೂ ಸರಿಹೋಯಿತು. ಬೇಸಿಲ್ ಅಲ್ಲ, ಬಸ್ಸು! ಎರಡೂ ಊರಿನ ಮಕ್ಕಳು ಹೋ ಎಂದು ಕೂಗುತ್ತಾ ಧುಮುಕಿದರು. ಅವರ ಹಿಂದೆ ಅಪ್ಪ ಅಮ್ಮಂದಿರ ಕಾರುಗಳು, ಅವುಗಳ ಹಿಂದೆ ಬೇಸಿಲ್‌ರ ಸಣ್ಣ ಹಸಿರು ಕಾರು.

ಜಿಲಿಯನ್: ನನ್ನ ಬೌಲರ್ ಬಂದ! ನೈಜೆಲ್, ಈಗ ಆಡಿದ್ರೆ ಕಪ್ಪು ನಮ್ದೇ.

ನೈಜೆಲ್: ಕನಸು ಕಾಣಿ. ನನ್ನ ಇಡೀ ತಂಡ ಬಂದಿದೆ. ಒರೆಸಿ, ಒರೆಸಿ!

ಅವನು ತನ್ನ ಅಂಗಿ ಬಿಚ್ಚಿ ನೆಲ ಒರೆಸತೊಡಗಿದ. ಜಿಲಿಯನ್ ನನ್ನ ಇಸ್ತ್ರಿ ಮಾಡಿದ ಮೇಜುಬಟ್ಟೆಯನ್ನೇ ಎಳೆದು ತಂದರು. ನನಗೆ ಕೋಪ ಬಂದದ್ದು ಅದಕ್ಕಲ್ಲ. ಪೆವಿಲಿಯನ್ನಿನ ಮೆಟ್ಟಿಲ ಮೇಲೆ ಟ್ಯಾಮ್ಸಿನ್ ಬಸ್ಸಿನಿಂದ ಇಳಿದವರನ್ನು ಒಬ್ಬೊಬ್ಬರಾಗಿ ನೋಡಿದಳು. ಆಮೇಲೆ ಬಗ್ಗಿ ಪ್ಯಾಡಿನ ಪಟ್ಟಿ ಸಡಿಲಿಸಿ, ತನ್ನ ಹಳೆಯ ಬೆಂಚಿನ ಕಡೆ ನಡೆದಳು.

ಬೇಸಿಲ್: ಎಲ್ಲಿ, ಕೆರೆ ಎಲ್ಲಿ?

ನೈಜೆಲ್: ಕೆರೆನಾ? ಯಾವ ಕೆರೆ? ಸ್ವಲ್ಪ ಇಬ್ಬನಿ ಅಷ್ಟೇ.

ಬೇಸಿಲ್: ಸಂಜೆ ಹೊತ್ತಲ್ಲಿ?

ಜಿಲಿಯನ್: ಡೆವನ್ ಅಲ್ವಾ ಸಾರ್, ಹೇಳೋಕಾಗಲ್ಲ. ಒಣಗಿ ಹೋಗಿದೆ ನೋಡಿ, ಆಡಬಹುದು!

ಬೇಸಿಲ್ ಮೊಣಕಾಲೂರಿ ಹೆಬ್ಬೆರಳು ಒತ್ತಿದರು. ಮೂಗಿಗೆ ಹಿಡಿದರು. ಎದ್ದು ಆ ತುದಿಗೆ ಹೋಗಿ ಅಲ್ಲೂ ಒತ್ತಿ ಮೂಸಿದರು.

ಬೇಸಿಲ್: ಬೆಚ್ಚಗಿದೆ. ಆ ಕಡೆ ಬರೀ ಚಹಾ, ಈ ಕಡೆ ಹಾಲು ಹಾಕಿದ್ದು. ಬೇಕಂತಲೇ ಪಿಚ್ಚು ಕೆಡಿಸಿದ ತಂಡ ಸೋತ ಹಾಗೆ. ಎರಡೂ ತಂಡದವರು ಕೆಡಿಸಿದ್ರೆ ಕಪ್ಪು ನನ್ನ ಆಫೀಸಲ್ಲೇ ಇರುತ್ತೆ. ಹೇಳಿ, ಇದನ್ನ ಸುರಿದವರು ಯಾರು?

ಬರಿಮೈಯಲ್ಲಿ ನಿಂತ ನೈಜೆಲ್ ನನ್ನನ್ನು ನೋಡಿದ. ಮೇಜುಬಟ್ಟೆ ಬೆನ್ನ ಹಿಂದೆ ಅಡಗಿಸಿದ ಜಿಲಿಯನ್ ನನ್ನನ್ನು ನೋಡಿದರು. ಇಬ್ಬರ ಕಣ್ಣಲ್ಲೂ ದೇವರೇ ಎನ್ನುವ ಭಕ್ತಿ. ನಾನು ಅವಸರ ಮಾಡಲಿಲ್ಲ.

ನಾನು: ನೈಜೆಲ್, ಇವತ್ತು ನಮ್ಮ ತಂಡದಲ್ಲಿ ಮೊದಲು ಬ್ಯಾಟಿಗೆ ಇಳಿಯೋದು ಯಾರಪ್ಪಾ?

ನೈಜೆಲ್: ಆಂಟಿ, ಅದು ಯಾವಾಗಲೂ ನಮ್ಮ...

ನಾನು: ಬೇಸಿಲ್ ಅವರೇ, ಆ ಕೆಟಲ್ ವಿಷಯ ಏನಾಯ್ತು ಅಂದ್ರೆ...

ನೈಜೆಲ್: ಟ್ಯಾಮ್ಸಿನ್! ಟ್ಯಾಮ್ಸಿನ್ ಇಳಿತಾಳೆ ಆಂಟಿ, ಮೊದಲನೆಯವಳಾಗಿ!

ಬೆಂಚಿನ ಕಡೆಯಿಂದ ಪ್ಯಾಡಿನ ಪಟ್ಟಿ ಬಿಗಿಯುವ ಸದ್ದು ನನಗೆ ಇಲ್ಲಿಗೇ ಕೇಳಿಸಿತು. ಕಿವಿ ಇನ್ನೂ ಚೆನ್ನಾಗಿದೆ ನನಗೆ.

ನಾನು: ಏನಿಲ್ಲ ಬೇಸಿಲ್ ಅವರೇ. ಇವರಿಬ್ಬರಿಗೂ ಚಹಾ ತರ್ತಾ ಇದ್ದೆ, ಎಡವಿ ಬಿದ್ದೆ. ಎರಡು ಕೆಟಲ್ಲೂ ಚೆಲ್ಲಿಹೋಯ್ತು. ಕೆಡಿಸಬೇಕು ಅಂತ ಮಾಡಿದ್ದಲ್ಲ.

ಬೇಸಿಲ್: ಈ ತುದಿಯಿಂದ ಆ ತುದಿವರೆಗೂ?

ನಾನು: ನನ್ನ ವಯಸ್ಸು ನೋಡಿ. ನಿಧಾನಕ್ಕೆ ಬಿದ್ದೆ.