ಅವ್ವನ ಮನೆಗೆ ಟ್ರ್ಯಾಕ್ಟರ್ ಬ್ಯಾಟರಿ

ಈಜು ಬಾರದವರು, ಸೈಕಲ್ ಹೊಡೆಯಲು ಬಾರದವರು ಈ ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗೆಂದು ಹೇಳಿಕೊಳ್ಳಲು ಅವರಿಗೆ ನಾಚಿಕೆಯೇನೂ ಇಲ್ಲ. ನನ್ನ ಕಥೆ ಅದಕ್ಕಿಂತ ಕಡೆ. ನನಗೆ ನಿದ್ದೆ ಮಾಡಲು ಬರುತ್ತಿರಲಿಲ್ಲ. ಹುಟ್ಟಿದ ಕೂಸಿಗೂ ಬರುವ ಈ ವಿದ್ಯೆ ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುವ ನನಗೆ ಬರುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ನನಗೆ ನಲವತ್ತೈದು ದಾಟಿತ್ತು. ಅಲ್ಲಿಯವರೆಗೆ ನಾನು ದೊಡ್ಡ ನಿದ್ದೆಗಾರನೆಂದೇ ಊರೆಲ್ಲ ಹೆಸರಾಗಿದ್ದೆ. ಬಸ್ಸಿನಲ್ಲಿ ನಿದ್ದೆ, ಸಭೆಯಲ್ಲಿ ನಿದ್ದೆ, ಕ್ಷೌರಕ್ಕೆ ಕುಳಿತರೆ ಅಲ್ಲೂ ನಿದ್ದೆ. ಒಮ್ಮೆ ನಕಾಶೆಯ ಮೇಲೆ ಕೋಲಿಟ್ಟು ಬ್ರಹ್ಮಪುತ್ರಾ ನದಿಯನ್ನು ಹಿಮಾಲಯದಿಂದ ಇಳಿಸುತ್ತಿದ್ದೆ. ಅದು ದಕ್ಷಿಣಕ್ಕೆ ಹೊರಳುವ ಜಾಗದಲ್ಲಿ ಕೋಲು ನಿಂತಿತು, ಕಣ್ಣೂ ಮುಚ್ಚಿದವು. ಗಂಟೆ ಹೊಡೆದರೂ ನದಿ ಬಂಗಾಳ ಮುಟ್ಟಲಿಲ್ಲ. ಮಕ್ಕಳು ಒಳ್ಳೆಯವರು, ಸದ್ದು ಮಾಡದೆ ಎದ್ದು ಹೋಗಿದ್ದರು.

ಕಡೆಗೆ ನಮ್ಮ ಮನೆಯಾಕೆ ಶಾಂತಾ ನನ್ನನ್ನು ಎಳೆದುಕೊಂಡು ಹುಬ್ಬಳ್ಳಿಯ ದೊಡ್ಡ ಡಾಕ್ಟರರ ಮುಂದೆ ಕೂರಿಸಿದಳು. "ಇವರು ಗೊರಕಿ ಹೊಡೀತಾರ್ರಿ. ಹೊಡದ್ರ ಹೊಡೀಲಿ, ಅದಕ್ಕೇನಿಲ್ಲ. ನಡುವ ಒಮ್ಮೆ ಗಪ್ಪನ ನಿಂತುಬಿಡತೈತ್ರಿ. ಆಗ ನನ್ನ ಜೀವಾನ ನಿಂತಂಗ ಆಗತೈತಿ" ಎಂದಳು. ಅವರು ಒಂದು ರಾತ್ರಿ ನನಗೆ ವಯರು ಸುತ್ತಿ ಮಲಗಿಸಿ ಪರೀಕ್ಷೆ ಮಾಡಿದರು. ಬೆಳಿಗ್ಗೆ, "ಮಾಸ್ತರ್ರ, ನೀವು ನಿದ್ದೀನ ಮಾಡವಲ್ರಿ. ಕಣ್ಣು ಹತ್ತಿದ ಕೂಡ್ಲೆ ನಿಮ್ಮ ಗಂಟಲ ಮುಚ್ಚತೈತಿ, ಉಸಿರಿಗೆ ಅಂತ ಮತ್ತ ಎಚ್ಚರಾಗ್ತೀರಿ. ಹಿಂಗ ರಾತ್ರಿಯೆಲ್ಲಾ ನಡೀತೈತಿ" ಎಂದರು. ನಂತರ ಒಂದು ಯಂತ್ರ ಬರೆದುಕೊಟ್ಟರು. ಟಿಫಿನ್ ಡಬ್ಬಿಯಷ್ಟು ದೊಡ್ಡದು. ಅದರಿಂದ ಹೊರಟ ನಳಿಕೆ ಮೂಗಿನ ಮೇಲೆ ಕಟ್ಟುವ ಮುಖವಾಡಕ್ಕೆ ಬಂದು ಸೇರುತ್ತದೆ. ಅದು ಗಾಳಿ ಒತ್ತುತ್ತದೆ, ಗಂಟಲು ತೆರೆದೇ ಇರುತ್ತದೆ. ಮೊದಲ ರಾತ್ರಿ ಅದನ್ನು ಕಟ್ಟಿಕೊಂಡು ಮಲಗಿದಾಗ ಮನೆಯಲ್ಲಿ ಎಷ್ಟು ಸಪ್ಪಳಡಗಿತೆಂದರೆ, ಶಾಂತಾ ಹೆದರಿ ನಾಲ್ಕು ಸಲ ಎದ್ದು ನನ್ನ ಎದೆಯ ಮೇಲೆ ಕೈಯಿಟ್ಟು ನೋಡಿದಳಂತೆ. ಗೊರಕೆ ಹೊಡೆದರೂ ಅವಳಿಗೆ ನಿದ್ದೆಯಿಲ್ಲ, ಹೊಡೆಯದಿದ್ದರೂ ನಿದ್ದೆಯಿಲ್ಲ.

ನನಗೋ, ನಿದ್ದೆಯ ಜೊತೆಗೆ ಕನಸೂ ತಿರುಗಿ ಬಂತು. ಹದಿನೈದು ವರ್ಷ ನಾನು ಕನಸೇ ಕಂಡಿರಲಿಲ್ಲ. ಮಾಸ್ತರಿಕೆಗೆ ಸೇರಿದ ಮೇಲೆ ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದುಕೊಂಡಿದ್ದೆ. ಈಗ ದಿನವೂ ಒಂದೇ ಕನಸು. ನಾನು ಹುಟ್ಟಿದ ಊರು ಈಗ ನಕಾಶೆಯಲ್ಲಿಲ್ಲ. ಸವದತ್ತಿ ಕಡೆ ಮಲಪ್ರಭೆಗೆ ಆಣೆಕಟ್ಟು ಕಟ್ಟಿದಾಗ ಹಿನ್ನೀರು ಬಂದು ಅದನ್ನು ಮುಳುಗಿಸಿತು. ನನಗೆ ಆಗ ಹನ್ನೆರಡು ವರ್ಷ. ನಾವು ಮುರಗೋಡಕ್ಕೆ ಬಂದೆವು, ವರ್ಷ ತುಂಬುವುದರೊಳಗೆ ಅವ್ವ ತೀರಿಕೊಂಡಳು. ಅವಳದೊಂದು ಫೋಟೊ ಇಲ್ಲ. ಊರು ಬಿಡುವ ಮುಂಚೆ ಸರಕಾರದವರು ಮನೆಮನೆಗೂ ಬಂದು, ಬಾಗಿಲ ಮುಂದೆ ಯಜಮಾನನನ್ನು ನಿಲ್ಲಿಸಿ ಫೋಟೊ ತೆಗೆದಿದ್ದರು. ಅದರಲ್ಲಿ ಅಪ್ಪ ಇದ್ದಾನೆ, ಎಮ್ಮೆ ಇದೆ. ಅವ್ವ ನಾಚಿ ಬಾಗಿಲ ಹಿಂದೆ ಸರಿದಳು. ಹೀಗಾಗಿ ಅವಳ ಒಂದು ಮೊಣಕೈ ಮತ್ತು ನಾಲ್ಕು ಹಸಿರು ಬಳೆ, ಅವೂ ಕಪ್ಪು-ಬಿಳುಪಿನಲ್ಲಿ, ಅಷ್ಟೇ ನಮ್ಮ ಪಾಲಿಗೆ ಉಳಿದವು. ವರ್ಷ ಕಳೆದಂತೆ ಅವಳ ಮುಖ ನನಗೆ ಮರೆತೇ ಹೋಯಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೆತ್ತ ತಾಯಿಯ ಮುಖ ಮರೆತೆ ಎಂದು ಯಾವ ಬಾಯಿಂದ ಹೇಳುವುದು?

ಕನಸಿನಲ್ಲಿ ನಮ್ಮೂರು ನೀರಿನ ತಳದಲ್ಲಿ ಹಾಗೆಯೇ ಇರುತ್ತದೆ, ಯಾರಿಗೂ ಮೈ ಒದ್ದೆಯಾಗುವುದಿಲ್ಲ. ಮೇಲೆ ಆಕಾಶದ ಜಾಗದಲ್ಲಿ ಹಸಿರು ನೀರು, ಅದರಲ್ಲಿ ತೆಪ್ಪಗಳ ತಳಗಳು ಮೆಲ್ಲಗೆ ಸರಿದು ಹೋಗುತ್ತವೆ. ಗಾಣದವರ ಮನೆ ದಾಟುತ್ತೇನೆ, ಕಂಬಾರರ ಕುಲುಮೆ ದಾಟುತ್ತೇನೆ. ಕಟ್ಟೆಯ ಮೇಲೆ ಕುಳಿತವರ ನಡುವೆಯೇ ಮೀನುಗಳು ಓಡಾಡುತ್ತವೆ, ಅವರು ಮಾತು ನಿಲ್ಲಿಸದೆ ಅವುಗಳನ್ನು ಕೈಯಿಂದ ಸರಿಸುತ್ತಾರೆ. ಸಂದಿ ಹೊರಳಿದರೆ ನಮ್ಮ ಮನೆ. ಬಾಗಿಲು ತೆರೆದಿದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಒಲೆಯ ಮುಂದೆ ಅವ್ವ ನನಗೆ ಬೆನ್ನು ಮಾಡಿ ಕುಳಿತಿದ್ದಾಳೆ. "ಬಂದ್ಯಾ ಯಪ್ಪಾ?" ಎನ್ನುತ್ತಾಳೆ. ಇನ್ನೇನು ಹೊರಳಿ ನೋಡಬೇಕು, ಅಷ್ಟರಲ್ಲಿ ಕರೆಂಟು ಹೋಗುತ್ತದೆ.

ಕನಸಿನ ಕರೆಂಟಲ್ಲ, ಬೈಲಹೊಂಗಲದ ಕರೆಂಟು. ಯಂತ್ರ ನಿಂತು, ಉಸಿರು ಕಟ್ಟಿ, ಮುಖವಾಡ ಕಿತ್ತೆಸೆದು ಎದ್ದು ಕೂರುತ್ತೇನೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು, ಎಲ್ಲರ ಕೈಗೂ ಮೊಬೈಲು ಬಂದಿತ್ತು. ಕರೆಂಟು ಮಾತ್ರ ತನ್ನ ಹಳೆಯ ರೂಢಿ ಬಿಟ್ಟಿರಲಿಲ್ಲ. ಒಂದು ದಿನ ಚಹಾದಂಗಡಿಯಲ್ಲಿ ಲೈನ್‌ಮನ್‌ನನ್ನು ಹಿಡಿದು ಅಂಗಲಾಚಿದೆ. "ಎಷ್ಟೊತ್ತಿಗೆ ಬೇಕ್ರಿ ಮಾಸ್ತರ್ರ? ಬೋರಿಗೇನ್ರಿ, ಗಿರಣಿಗೇನ್ರಿ?" ಎಂದು ಕೇಳಿದ. ಅವ್ವ ಹೊರಳುವ ಹೊತ್ತಿಗೆ ಬೇಕು ಎಂದು ಅರ್ಜಿ ಕೊಡಲು ಬರುತ್ತದೆಯೇ? ಅವನ ಚಹಾದ ರೊಕ್ಕವನ್ನೂ ನಾನೇ ಕೊಟ್ಟು ಮನೆಗೆ ಬಂದೆ.

ಆಮೇಲೆ ಕಂಪ್ಯೂಟರಿಗೆ ಹಚ್ಚುವ ಯುಪಿಎಸ್ ಒಂದನ್ನು ತಂದೆ. ಕರೆಂಟು ಹೋದರೆ ಅದು ಹತ್ತು ನಿಮಿಷ ನಡೆಸುತ್ತಿತ್ತು. ಆದರೆ ಕರೆಂಟು ಹೋಯಿತು ಎಂದು ಸಾರಲು ಕೀ ಕೀ ಎಂದು ಕಿರುಚಿಕೊಳ್ಳುತ್ತಿತ್ತು. ನಾನು ಎದ್ದೆ, ಶಾಂತಾ ಎದ್ದಳು, ಗೋಡೆಯಾಚೆಯ ಮನೆಯವರೂ ಎದ್ದರು. ಅಂದು ಅವಳ ಸಿಟ್ಟು ಇಳಿಸಲು ನಾನು ಕನಸಿನ ಸಂಗತಿಯನ್ನೆಲ್ಲ ಬಾಯಿ ಬಿಡಬೇಕಾಯಿತು. ಮುಖ ಮರೆತದ್ದನ್ನೂ ಹೇಳಿದೆ. ನಕ್ಕಾಳು ಎಂದುಕೊಂಡಿದ್ದೆ, ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಇದನ್ನ ಮೊದಲ ಹೇಳಾಕ ಏನಾಗಿತ್ರಿ ನಿಮಗ? ಗೊರಕಿ ಒಂದು ಬಿಟ್ಟು ಬ್ಯಾರೆ ಏನೂ ಹೇಳೋದ ಇಲ್ಲ ನೀವು" ಎಂದಳು. ದೊಡ್ಡ ಬ್ಯಾಟರಿ ತಂದು ಮಂಚದ ಕೆಳಗೆ ಇಡಲೇ ಎಂದು ಕೇಳಿದ್ದಕ್ಕೆ ಮಾತ್ರ ಮೊದಲಿನ ಶಾಂತಾ ಆದಳು. "ಆ್ಯಸಿಡ್ ಮಗ್ಗಲಾಗ ಇಟ್ಕೊಂಡು ಮಲಗಾಕಿ ನಾ ಅಲ್ಲ. ಅದೇನಿದ್ರೂ ಮನಿ ಹೊರಗ."

ಮನೆಯ ಹೊರಗೆ ಎಲ್ಲಿ ಎಂಬುದನ್ನೂ ಅವಳೇ ಗೊತ್ತುಮಾಡಿದಳು. ಅವಳ ಅಣ್ಣ ಬಸಪ್ಪನದು ರಾಮದುರ್ಗ ತಾಲೂಕಿನ ತೊರಗಲ್ಲು. ಎಳ್ಳಮಾಸೆಯ ದಿನ ಹೊಲದಲ್ಲಿ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಎರಚಲು, ನಮ್ಮನ್ನು ಪ್ರತಿವರ್ಷ ಕರೆಯುತ್ತಾನೆ. ಮಧ್ಯಾಹ್ನ ಉಂಡ ಮೇಲೆ ಅಲ್ಲಿ ಗಂಡಸರೆಲ್ಲ ಮರದ ನೆರಳಿಗೆ ಉರುಳುವುದು ಇದ್ದದ್ದೇ. ನಾನು ಮಾತ್ರ ನನ್ನ ಗೊರಕೆಗೆ ಹೆದರಿ ಹೊಲದ ಬದುವಿನಲ್ಲಿ ಒಬ್ಬನೇ ತಿರುಗಾಡುತ್ತಿದ್ದೆ. ಈ ಸಲ ಬಸಪ್ಪನ ಟ್ರ್ಯಾಕ್ಟರಿಗೆ ಹೊಸ ಬ್ಯಾಟರಿ ಬಂದಿತ್ತು. ಅದಕ್ಕೆ ಯಂತ್ರ ಜೋಡಿಸುವ ಬಗೆ ಕೇಳಲು ನಾನು ಪಂಪುಸೆಟ್ಟಿನ ಮೋಟರು ಕಟ್ಟುವ ದಸ್ತಗೀರ್ ಸಾಹೇಬರ ಅಂಗಡಿಗೆ ಹೋದೆ.

ಸಾಹೇಬರು ಯುಪಿಎಸ್ ಬಿಚ್ಚುತ್ತಾ, "ಎಷ್ಟು ತಾಸು ನಡೀಬೇಕ್ರಿ?" ಎಂದರು. ನಾನು ಅನ್ಯಮನಸ್ಕನಾಗಿ, "ನಮ್ಮವ್ವ ಹೊರಳಿ ನೋಡೂ ತನಕಾ" ಎಂದುಬಿಟ್ಟೆ. ಅವರ ಕೈ ನಿಂತಿತು. ಇನ್ನು ಮುಚ್ಚಿಟ್ಟು ಏನು ಮಾಡುವುದು, ಎಲ್ಲ ಹೇಳಿದೆ. ಅವರು ತಾಮ್ರದ ತಂತಿಯನ್ನು ಬೆರಳಿಗೆ ಸುತ್ತಿಕೊಂಡರು. "ನಮ್ಮ ಅಮ್ಮೀದೂ ಫೋಟೊ ಇಲ್ರಿ ಮಾಸ್ತರ್. ನನಗ ಆಕೀ ದನಿ ಅಷ್ಟ ನೆಪ್ಪೈತಿ" ಎಂದರು. ಒಳಗಿನ ಸಣ್ಣ ಬ್ಯಾಟರಿ ತೆಗೆದು, ಟ್ರ್ಯಾಕ್ಟರಿನ ಬ್ಯಾಟರಿಗೆ ಕಚ್ಚುವ ಎರಡು ದಪ್ಪ ಕ್ಲಿಪ್ಪು ಕೊಟ್ಟರು, ಕಿರುಚುವ ಗುಂಡಿಯನ್ನು ಕತ್ತರಿಸಿ ಹಾಕಿದರು. "ಇನ್ನ ಬಾಯಿ ಮಾಡಂಗಿಲ್ಲ. ಮೂರು ತಾಸು ಗ್ಯಾರಂಟಿ. ಆದ್ರ ಯಂತ್ರ ನಡೀದಿದ್ರ ನನ್ನ ಕೇಳ್ರಿ, ಕನಸು ಬೀಳದಿದ್ರ ಕೇಳಬ್ಯಾಡ್ರಿ."

ಎಳ್ಳಮಾಸೆಯ ದಿನ ಹೊಲಕ್ಕೆ ಹೋದಾಗ ಜೋಳ ಆಳೆತ್ತರ ನಿಂತಿತ್ತು, ಅಂಚಿಗೆ ಕುಸುಬಿ ಹೂ ಬಿಟ್ಟಿತ್ತು. ಬನ್ನಿ ಮರದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ನಾನು ಟ್ರ್ಯಾಕ್ಟರಿನಿಂದ ಬಿಚ್ಚಿದ ಬ್ಯಾಟರಿಯ ಸಮೇತ ಯಂತ್ರವನ್ನು ಅಲ್ಲಿಯೇ ನೆರಳಿಗೆ ಇಟ್ಟು ಕೈಕಾಲು ತೊಳೆಯಲು ಹೋದದ್ದು ತಪ್ಪಾಯಿತು. ಬರುವಷ್ಟರಲ್ಲಿ ಬಸಪ್ಪನ ಹೆಂಡತಿ ಪಾರವ್ವ ಐದು ಕಲ್ಲಿನ ಸಾಲಿಗೆ ಅದನ್ನೂ ಸೇರಿಸಿ ಪೂಜೆ ಮುಗಿಸಿದ್ದಳು. ಬ್ಯಾಟರಿಗೆ ಕುಂಕುಮ, ನಳಿಕೆಗೆ ಚೆಂಡುಹೂವಿನ ಸರ. ಯಂತ್ರದ ಬೆನ್ನಿಗೆ, ಗಾಳಿ ಎಳೆದುಕೊಳ್ಳುವ ಜಾಳಿಗೆಯ ಮೇಲೆಯೇ, ದಪ್ಪನೆಯ ಮೂರು ಬೆರಳಿನ ವಿಭೂತಿ. "ಅಯ್ಯ, ಅಲ್ಲಿ ಹಚ್ಚಬಾರದಿತ್ತವಾ!" ಎಂದು ಕೂಗಿದೆ. "ನಿಮ್ಮ ಜೀವಾ ಕಾಯೂದಂತ ಶಾಂತಾ ಹೇಳಿದ್ಳಲ್ರಿ. ಜೀವಾ ಕಾಯೂದಕ್ಕ ವಿಭೂತಿ ಹಚ್ಚದ ಇರಾಕ ಆಕ್ಕೈತೇನ್ರಿ?" ಎಂದಳು. ಒರೆಸಲು ಹೋದೆ, ಅದು ಇನ್ನಷ್ಟು ಒಳಗೆ ಇಳಿಯಿತು. ಚರಗ ಚೆಲ್ಲಿ ಬಂದು, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರ ಬಾನ ಎಲ್ಲ ಹೊಡೆದು, ಮುಖವಾಡ ಕಟ್ಟಿಕೊಂಡು ಕೌದಿಯ ಮೇಲೆ ಮಲಗಿದೆ. ಮೂವತ್ತು ಜನ ಬೀಗರು-ಬಿಜ್ಜರು ಸುತ್ತಲೂ ಕುಳಿತು ನೋಡಿದರು. ಮೊದಲ ಉಸಿರಿಗೇ ಏಳು ಸೀನು ಬಂದವು.

ಎಂಟನೆಯದು ಬರಲಿಲ್ಲ. ಅದರ ಬದಲು ವಾಸನೆ ಬಂತು. ವಿಭೂತಿಯ ವಾಸನೆ, ಕುಳ್ಳಿನ ಹೊಗೆ, ಹಸಿ ಜೋಳದ ಗರಿ. ಮುಚ್ಚಿದ ಕೋಣೆಯಲ್ಲಿ ಯಂತ್ರ ಇಷ್ಟು ದಿನ ನನಗೆ ಬರೀ ಗೋಡೆಯ ಸುಣ್ಣವನ್ನೇ ಕುಡಿಸಿತ್ತು. ಈ ವಾಸನೆ ಹಿಡಿದು ನಡೆದರೆ ದಾರಿ ಕೇಳುವ ಕೆಲಸವೇ ಇರಲಿಲ್ಲ. ಗಾಣದವರ ಮನೆ, ಕುಲುಮೆ, ಸಂದಿ, ಬಾಗಿಲು. ಒಲೆಯ ಮುಂದೆ ಅವ್ವ. ಮೇಲೆ ಹಸಿರು ನೀರಿನಲ್ಲಿ ಬಿಸಿಲು ಅಲ್ಲಾಡುತ್ತಿತ್ತು. "ಬಂದ್ಯಾ ಯಪ್ಪಾ?" ಎಂದಳು. ಕರೆಂಟು ಹೋಗಲಿಲ್ಲ. ನಾನು ಹೊಸ್ತಿಲು ದಾಟಿದೆ.

ಇತ್ತ ಹೊಲದಲ್ಲಿ ನಡೆದದ್ದನ್ನು ಶಾಂತಾ ಆಮೇಲೆ ಹೇಳಿದಳು. ಹೊತ್ತು ಇಳಿಯಿತು, ಮಂದಿಗೆ ಊರಿಗೆ ಹೋಗಬೇಕು, ಮನೆಯಲ್ಲಿ ಎಮ್ಮೆ ಹಿಂಡಬೇಕು. ಎಲ್ಲರೂ ಬಂದದ್ದು ಒಂದೇ ಟ್ರ್ಯಾಕ್ಟರಿನಲ್ಲಿ, ಅದರ ಬ್ಯಾಟರಿ ನನ್ನ ಮೂಗಿಗೆ. ಬಸಪ್ಪ ಕ್ಲಿಪ್ಪು ಕೀಳಲು ಕೈ ಚಾಚಿದಾಗ ಶಾಂತಾ ಅಡ್ಡ ಕುಳಿತುಬಿಟ್ಟಳು. "ಅಣ್ಣಾ, ಕೈ ಹಚ್ಚಬ್ಯಾಡ. ಅವರು ಅವ್ವನ ಮನಿಗೆ ಹೋಗ್ಯಾರ." ಬಸಪ್ಪನಿಗೆ ಏನು ತಿಳಿಯಿತೋ, ಚಾಚಿದ ಕೈ ಹಿಂದೆ ತೆಗೆದುಕೊಂಡ. ಮೂವತ್ತು ಜನ, ಕೂಸುಗಳ ಸಮೇತ, ಜೋಳದ ಹೊಲದಲ್ಲಿ ಪಿಸುಮಾತಿನಲ್ಲಿ ಮಾತಾಡುತ್ತಾ ಎರಡು ತಾಸು ನನಗಾಗಿ ಕಾಯ್ದರು. ಬ್ಯಾಟರಿ ಇಳಿದು, ಕಡೆಗೆ ಟ್ರ್ಯಾಕ್ಟರನ್ನು ಅವರೇ ನೂಕಿ ಚಾಲೂ ಮಾಡಬೇಕಾಯಿತು.

ಎದ್ದಾಗ ಸೂರ್ಯ ತೊರಗಲ್ಲಿನ ಹಳೆಯ ಕೋಟೆಯ ಹಿಂದೆ ಸರಿದಿದ್ದ. ಮುಖವಾಡ ತೆಗೆಯುವ ಮುಂಚೆಯೇ ಶಾಂತಾ ಬಗ್ಗಿ ಕೇಳಿದಳು.

"ಕಂಡ್ರೇನ್ರಿ ಅತ್ತಿ?"

"ಕಂಡ್ಳು."

"ಮಾರಿ ನೋಡಿದ್ರಿ?"

ಸುಳ್ಳು ಹೇಳೋಣವೆಂದರೆ ಮೂವತ್ತು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. "ಒಳಗ ಹೋದೆ. ದಣದಿ ಯಪ್ಪಾ, ಮಲ್ಕೋ ಅಂದ್ಳು. ತೊಡಿ ಮ್ಯಾಲೆ ತಲಿ ಇಟ್ಟೆ. ಇನ್ನ ಮಾರಿ ನೋಡಬೇಕು ಅನ್ನೂದ್ರಾಗ ನಿದ್ದಿ ಹತ್ತಿಬಿಡ್ತು."

ಶಾಂತಾ ಹಣೆ ಹಣೆ ಬಡಿದುಕೊಂಡಳು. "ಟ್ರ್ಯಾಕ್ಟರ್ ಹಚ್ಚಿ ಅಷ್ಟು ದೂರ ಕಳಿಸಿದ್ರ, ಅಲ್ಲೂ ಹೋಗಿ ಮಲಗಿ ಬಂದ್ರಲ್ಲಾ!"

ಅವಳ ಮಾತು ಖರೆ. ಆದರೆ ಆಮೇಲೆ ನನಗೊಂದು ಸಂಗತಿ ಹೊಳೆಯಿತು. ಅವ್ವನ ತೊಡೆಯ ಮೇಲೆ ಮಲಗಿದಾಗ ನನ್ನ ಮೂಗಿಗೆ ಯಾವ ಯಂತ್ರವೂ ಇರಲಿಲ್ಲ. ಗೊರಕೆ ಹೊಡೆದೇ ಇರುತ್ತೇನೆ, ಅದೂ ಊರೆಲ್ಲ ಕೇಳುವ ಹಾಗೆ. ಆದರೂ ಅವ್ವ ನನ್ನನ್ನು ಎಬ್ಬಿಸಲಿಲ್ಲ.